ಅಕ್ಕ ಕೈ ನಿಲ್ಲಿಸಿದ ಪುಟಗಳು

ನಮ್ಮ ಭಾವ ಲಿಫ್ಟ್ ನಡೆಸುತ್ತಿದ್ದವರು. ಹಳೆಯ ಕಚೇರಿ ಕಟ್ಟಡ, ಜಾಲರಿ ಬಾಗಿಲಿನ ಲಿಫ್ಟು, ಅದರ ಮೂಲೆಯಲ್ಲೊಂದು ಎತ್ತರದ ಸ್ಟೂಲು. ಆ ಸ್ಟೂಲಿನ ಮೇಲೆ ಕುಳಿತು ಬಾಗಿಲು ಎಳೆಯುವುದು, ಗುಂಡಿ ಒತ್ತುವುದು, ಮತ್ತೆ ಬಾಗಿಲು ಎಳೆಯುವುದು: ಇದೇ ಅವರ ಜೀವಮಾನದ ಉದ್ಯೋಗ. ಬೀದಿಯವರೆಲ್ಲ ಅವರನ್ನು ಲಿಫ್ಟಪ್ಪ ಎನ್ನುತ್ತಿದ್ದರು. ಎದುರು ಸಿಕ್ಕಾಗ "ಏನ್ ಲಿಫ್ಟಪ್ಪ, ಮೇಲಕ್ಕಾ ಕೆಳಕ್ಕಾ?" ಎಂದು ಕೇಳದೆ ಬಿಟ್ಟವರಿಲ್ಲ. ಅವರೂ ಪ್ರತಿ ಸಲ ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು. ನನಗಾದರೆ ಮೈಯೆಲ್ಲ ಉರಿಯುತ್ತಿತ್ತು. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

ಇಂಥ ಮನುಷ್ಯನಿಗೆ ಕಾದಂಬರಿ ಬರೆಯುವ ಹುಚ್ಚು ಹತ್ತಿದ್ದು ಆ ಲಿಫ್ಟಿನಿಂದಲೇ. ಜನ ಮಾತಾಡುತ್ತಲೇ ಹತ್ತುತ್ತಾರೆ, ಮಾತು ಮುಗಿಯುವ ಮೊದಲೇ ಇಳಿದು ಹೋಗುತ್ತಾರೆ. "ಅವ್ಳು ಅಷ್ಟೆಲ್ಲ ಅಂದ್ಮೇಲೆ ನಾನ್ ಸುಮ್ನಿರ್ತೀನಾ? ನಾನೂ..." ಎನ್ನುವಷ್ಟರಲ್ಲಿ ನಾಲ್ಕನೇ ಮಹಡಿ ಬಂದಿರುತ್ತದೆ. ಮುಂದೇನಾಯಿತು? ಯಾರಿಗೆ ಗೊತ್ತು. ಭಾವ ಮನೆಗೆ ಬಂದು ತಟ್ಟೆಯ ಮುಂದೆ ಕುಳಿತು ಇದನ್ನೇ ಕೊರೆಯುತ್ತಿದ್ದರು. "ಅರ್ಧ ಮಾತು ಕೇಳ್ಕೊಂಡು ಬಂದ್ರೆ ಅನ್ನ ಗಂಟ್ಲಲ್ಲಿ ಇಳಿಯಲ್ಲ ಕಣೇ" ಎಂದು ಅಕ್ಕನ ಹತ್ತಿರ ದೂರುತ್ತಿದ್ದರು.

ಒಂದು ದಿನ ಕೈಯಲ್ಲಿ ಬಟ್ಟೆಯ ಚೀಲ ಹಿಡಿದ ಒಬ್ಬ ಹೆಂಗಸು ಲಿಫ್ಟು ಹತ್ತಿದಳಂತೆ. ಜೊತೆಗಿದ್ದವಳಿಗೆ "ಇನ್ನು ನಾನು ಆ ಮನೆ ಹೊಸ್ತಿಲು ತುಳಿಯಲ್ಲ" ಎಂದಳಂತೆ. ಆಮೇಲೆ ಆರನೇ ಮಹಡಿಯಲ್ಲಿ ಇಳಿದು ಹೋದಳು. ಅಷ್ಟೇ. ಆ ಹೆಂಗಸು ಭಾವನ ತಲೆಯಲ್ಲಿ ಮನೆ ಮಾಡಿಕೊಂಡಳು. ವಾಪಸ್ ಹೋದಳೋ ಇಲ್ಲವೋ, ಗಂಡ ಎಂಥವನೋ, ಅವನು ಹುಡುಕಿಕೊಂಡು ಬಂದನೋ ಇಲ್ಲವೋ. ಕೇಳಿ ಕೇಳಿ ಸಾಕಾಗಿ ಕೊನೆಗೆ ಅಕ್ಕನೇ ಹೇಳಿದಳು, "ನನ್ ತಲೆ ಯಾಕ್ ತಿಂತೀರಿ? ಕೂತ್ಕೊಂಡು ಬರೀರಿ. ಬರೀತಾ ಬರೀತಾ ನಿಮಗೇ ಗೊತ್ತಾಗತ್ತೆ." ಹೀಗೆ ಶುರುವಾಯಿತು ಭಾವನ ಕಾದಂಬರಿ. ಗಂಡನನ್ನು ದರ್ಜಿ ಮಾಡಿದರು. ಹೆಂಡತಿ ಒಂದು ಬೆಳಿಗ್ಗೆ ಚೀಲ ಹಿಡಿದು ಹೊರಟುಹೋಗುತ್ತಾಳೆ, ದರ್ಜಿ ಹೊಲಿಗೆಯಂತ್ರದ ಮುಂದೆ ಕುಳಿತು ಕಾಯುತ್ತಾನೆ. ಇಷ್ಟೇ ಕತೆ.

ಅಕ್ಕನದು ಇಸ್ತ್ರಿ ಅಂಗಡಿ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆಯುವ ಹಲಗೆಯ ಬಾಗಿಲು, ದಪ್ಪ ಕಂಬಳಿ ಹಾಸಿದ ಮೇಜು, ಗೋಡೆಗೆ ಒತ್ತಿಕೊಂಡು ಬಟ್ಟೆಗಂಟುಗಳ ಸಾಲು. ನನ್ನ ಮನೆ ಎರಡು ಬಾಗಿಲಾಚೆ. ಬೆಳಿಗ್ಗೆ ಬಂದು ಬಟ್ಟೆಗೆ ನೀರು ಚಿಮುಕಿಸಿ ಸುತ್ತಿಡುವುದು, ಇಸ್ತ್ರಿಯಾದದ್ದನ್ನು ಮಡಚಿ ಕಟ್ಟುವುದು ನನ್ನ ಪಾಲಿನ ಕೆಲಸ. ಇಸ್ತ್ರಿ ಪೆಟ್ಟಿಗೆಯನ್ನು ಮುಟ್ಟಲು ಅಕ್ಕ ಬಿಡುತ್ತಿರಲಿಲ್ಲ. "ನಿನ್ ಮೂಗಿನ ತುದೀಲಿರೋ ಕೋಪಕ್ಕೇ ಕಾಲರ್ ಸುಟ್ಟುಹೋಗತ್ತೆ, ನೀನು ಮಡಚು ಸಾಕು" ಎನ್ನುತ್ತಿದ್ದಳು.

ಸಂಜೆ ಕೆಲಸ ಬಿಟ್ಟು ಬಂದ ಭಾವ ಮುಖ ತೊಳೆದು, ಬಟ್ಟೆಗಂಟೊಂದರ ಮೇಲೆ ಕುಳಿತು, ಹಿಂದಿನ ದಿನ ಬರೆದದ್ದನ್ನು ಅಕ್ಕನಿಗೆ ಓದಿ ಹೇಳುತ್ತಿದ್ದರು. "ಅಧ್ಯಾಯ ಮೂರು" ಎನ್ನುವಾಗ ಥೇಟ್ "ಮೂರನೇ ಮಹಡಿ" ಎನ್ನುವ ದನಿ. ನನಗೆ ಕಾದಂಬರಿ ಎಂದರೆ ನಿದ್ದೆ. ಅವರು ಕನ್ನಡಕ ಹಾಕಿಕೊಂಡರೆ ನಾನು ಚಪ್ಪಲಿ ಹಾಕಿಕೊಂಡು ಮನೆಗೆ ಹೊರಡುತ್ತಿದ್ದೆ. ಅಕ್ಕ ಮಾತ್ರ ಮೊಣಕೈಯಿಂದ ಹಣೆ ಒರೆಸಿಕೊಳ್ಳುತ್ತ, ಇಸ್ತ್ರಿ ಮಾಡುತ್ತಲೇ ಕೇಳುತ್ತಿದ್ದಳು.

ಆದರೆ ಒಂದು ದಿನವಾದರೂ ಚೆನ್ನಾಗಿದೆ ಎಂದಾಗಲಿ ಚೆನ್ನಾಗಿಲ್ಲ ಎಂದಾಗಲಿ ಹೇಳಿದವಳಲ್ಲ. ಕೇಳಿದರೆ "ನಂಗೇನ್ ಗೊತ್ತಾಗತ್ತೆ, ಮುಂದೆ ಓದಿ" ಎಂದುಬಿಡುತ್ತಿದ್ದಳು. ಹಾಗಾಗಿ ಭಾವ ಅವಳ ಬಾಯಿಯನ್ನು ನಂಬದೆ ಕೈಯನ್ನು ನೋಡಲು ಕಲಿತರು. ಕೈ ಸರಾಗವಾಗಿ ಓಡುತ್ತಿದ್ದರೆ ಆ ಪುಟ ಅವಳ ಕಿವಿಗೆ ಬಿದ್ದಿಲ್ಲ ಎಂದು ಅರ್ಥ. ಅದನ್ನು ಮತ್ತೆ ಬರೆಯಬೇಕು. ಅವಳು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟರೆ ಆ ಪುಟ ಗೆದ್ದಿತು. ಅಂಥ ಕಡೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಚುಕ್ಕೆ ಬಿದ್ದ ಪುಟವನ್ನು ದೇವರೇ ಬಂದು ಹೇಳಿದರೂ ಅವರು ತಿದ್ದುತ್ತಿರಲಿಲ್ಲ.

ದರ್ಜಿಗೂ ಹೆಂಡತಿಗೂ ಜಗಳವಾಗುವ ಅಧ್ಯಾಯ ಓದಿದ ದಿನ ಅಕ್ಕ ಪೆಟ್ಟಿಗೆ ಎತ್ತುವುದನ್ನೇ ಮರೆತಳು. ಬ್ಯಾಂಕ್ ಮ್ಯಾನೇಜರರ ಬಿಳಿ ಶರ್ಟು, ಬೆನ್ನಿನ ನಟ್ಟನಡುವೆ ಪೆಟ್ಟಿಗೆಯ ಆಕಾರಕ್ಕೇ ಕಂದಿಹೋಯಿತು. ಮರುದಿನ ಆ ಮ್ಯಾನೇಜರರು ಬಂದು ಕುಣಿದಾಡಿದ್ದು ಅಷ್ಟಿಷ್ಟಲ್ಲ. ನಾನು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರೆ, ಒಳಗಿನಿಂದ ಬಂದ ಭಾವ ಮದುಮಗನ ಮುಖ ಹೊತ್ತುಕೊಂಡು "ಸಾರ್, ನಿಮ್ಮ ಶರ್ಟಿಂದ ನಂಗೆ ತುಂಬಾ ಉಪಕಾರ ಆಯ್ತು" ಎಂದರು. ಅಕ್ಕ ಮೇಜಿನ ಹಿಂದೆ ಬಗ್ಗಿ ನಗು ಅದುಮಿಕೊಳ್ಳುತ್ತಿದ್ದಳು.

ಹೀಗೆ ವರ್ಷಗಟ್ಟಲೆ ನಡೆಯಿತು. ಬರೆಯುವುದು, ಓದುವುದು, ಅವಳ ಕೈ ನೋಡುವುದು, ಮತ್ತೆ ಬರೆಯುವುದು. "ನಿಮ್ ಹೆಸರು ಪುಸ್ತಕದ ಮೇಲೆ ಬಂದಿದ್ದನ್ನ ನೋಡ್ಬೇಕು ನಾನು. ಆಮೇಲೆ ಈ ಬೀದೀಲಿ ಯಾರ್ ಲಿಫ್ಟಪ್ಪ ಅಂತಾರೋ ನೋಡೇಬಿಡ್ತೀನಿ" ಎನ್ನುತ್ತಿದ್ದಳು ಅಕ್ಕ. ಅದು ಅವಳ ಒಂದೇ ಆಸೆ. ಅದನ್ನು ನೋಡಲು ಅವಳು ಉಳಿಯಲಿಲ್ಲ. ಕಾದಂಬರಿಗೆ ಇನ್ನೊಂದು ಅಧ್ಯಾಯ ಬಾಕಿ ಇರುವಾಗಲೇ ಕಾಯಿಲೆ ಹೊರಬಿತ್ತು. ಆಸ್ಪತ್ರೆಗೆ ಸೇರಿಸಿದ್ದೊಂದು ನೆನಪು, ಕೈಯಲ್ಲಿ ಚೀಟಿ ಹಿಡಿದು ಓಡಾಡಿದ್ದೊಂದು ನೆನಪು. ಆಮೇಲೆ ಅಕ್ಕನಿಲ್ಲದ ಮನೆ.

ಈಗ ಇಸ್ತ್ರಿ ಪೆಟ್ಟಿಗೆ ನನ್ನ ಕೈಗೆ ಬಂದಿದೆ. ಕಾಲರು ಸುಟ್ಟಿಲ್ಲ, ಕೋಪ ಮಾತ್ರ ಹಾಗೇ ಇದೆ. ಭಾವನ ಲಿಫ್ಟೂ ಹೋಯಿತು; ಹೊಸದು ಹಾಕಿದ್ದಾರೆ, ಅದಕ್ಕೆ ಬಾಗಿಲು ಎಳೆಯುವವರು ಬೇಕಿಲ್ಲ. ಅವರು ದಿನವಿಡೀ ಅಂಗಡಿಯಲ್ಲಿ ಕುಳಿತು ಗಂಟು ಬಿಚ್ಚಿಕೊಡುತ್ತಾರೆ, ಗುಂಡಿ ಉದುರಿದ ಶರ್ಟು ತೆಗೆದು ಬೇರೆ ಇಡುತ್ತಾರೆ. ಬಾಕಿಯಿದ್ದ ಕೊನೆಯ ಅಧ್ಯಾಯವನ್ನು ಯಾರಿಗೂ ಓದಿ ಹೇಳದೆ ಬರೆದು ಮುಗಿಸಿ, ಇಡೀ ಕಟ್ಟನ್ನು ಒಬ್ಬ ಪ್ರಕಾಶಕರಿಗೆ ಕೊಟ್ಟು ಬಂದರು. ನಾನು ಏನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಅದೇ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ವಾಪಸ್ ಬಂದರು. ಮುಖ ಬಾಡಿಹೋಗಿತ್ತು.

"ಏನಂದ್ರು ಭಾವ?" ಎಂದೆ.

"ಅಚ್ಚು ಹಾಕ್ತಾರಂತೆ."

"ಮತ್ತೆ? ಅದಕ್ಕ್ಯಾಕೆ ಈ ಹರಳೆಣ್ಣೆ ಕುಡಿದ ಮುಖ?"

"ಮೊದಲ್ನೇ ಅರ್ಧ ಒಂದೇ ಉಸಿರಿಗೆ ಓದಿದ್ರಂತೆ. ಎರಡ್ನೇ ಅರ್ಧ ಕೂತಲ್ಲೇ ಕೂತಿದೆ, ಮುಂದಕ್ಕೇ ಹೋಗಲ್ಲ ಅಂದ್ರು. ತಿದ್ದಿ ಕೊಡಿ, ಮುಂದಿನ ತಿಂಗಳೇ ಶುರು ಮಾಡ್ತೀವಿ ಅಂದ್ರು. ಆಗಲ್ಲ ಅಂತ ಎತ್ಕೊಂಡು ಬಂದೆ."

ನನಗೆ ತಡೆಯಲಾಗಲಿಲ್ಲ. "ಆಗಲ್ಲ ಅಂದ್ರಾ? ಅಲ್ಲ ಭಾವ, ಮೊದಲ್ನೇ ಅರ್ಧಾನ ಹತ್ತಾರು ಸಲ ಹರಿದು ಹಾಕಿ ಬರೆದವ್ರಿಗೆ ಈಗೇನ್ ಬಂತು ದಾಡಿ? ಅಕ್ಕ ಇಷ್ಟು ವರ್ಷ ನಿಂತ್ಕೊಂಡು ಕೇಳಿದ್ದು ಇದನ್ನ ಟ್ರಂಕಲ್ಲಿ ಇಟ್ಟು ಬೀಗ ಹಾಕೋಕಾ?"

ಭಾವ ಸಿಟ್ಟಾಗಲಿಲ್ಲ. ಕಟ್ಟನ್ನು ಮೇಜಿನ ಮೇಲಿಟ್ಟು, ನಡುವಿನಿಂದ ಬಿಡಿಸಿ, ಒಂದೊಂದೇ ಪುಟ ತಿರುಗಿಸಿ ತೋರಿಸಿದರು. ಅಂಚಿನಲ್ಲಿ ಚುಕ್ಕೆ, ಚುಕ್ಕೆ, ಚುಕ್ಕೆ. ಕೆಲವು ಪುಟದಲ್ಲಿ ಎರಡು ಮೂರು.

"ನೋಡು. ಮೊದಲ್ನೇ ಅರ್ಧದಲ್ಲಿ ಒಂದು ಚುಕ್ಕೆ ಬೀಳ್ಬೇಕಾದ್ರೆ ನಾನು ತಿಣುಕಾಡ್ತಿದ್ದೆ. ಇಲ್ಲಿ ಎಲ್ಲಾ ಪುಟಕ್ಕೂ ನಿಂತಿದಾಳೆ ನಿಮ್ಮಕ್ಕ. ಇದು ನನ್ ಕೈಯಲ್ಲಿ ಬಂದಿರೋ ಅತ್ಯುತ್ತಮವಾದದ್ದು. ಅವ್ಳು ನಿಂತ್ಕೊಂಡು ಕೇಳಿದ ಒಂದ್ ಅಕ್ಷರಾನೂ ನಾನ್ ಮುಟ್ಟಲ್ಲ. ಪ್ರಕಾಶಕರಿಗೇನ್ ಗೊತ್ತು?"

ಆ ಚುಕ್ಕೆಗಳು ನಿಜಕ್ಕೂ ಏನೆಂದು ನನಗೆ ಗೊತ್ತಿತ್ತು. ಭೂಮಿಯ ಮೇಲೆ ನನ್ನೊಬ್ಬಳಿಗೇ ಗೊತ್ತಿತ್ತು.

ಕಾಯಿಲೆ ಹೊರಬೀಳುವ ಹೊತ್ತಿಗೆ ಅಕ್ಕನಿಗೆ ಹೆಗಲು ನೋಯಲು ಶುರುವಾಗಿ ಒಂದು ವರ್ಷವೇ ಆಗಿತ್ತು. ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡುವವರಿಗೆ ಇದು ಇದ್ದದ್ದೇ ಎಂದು ಮುಲಾಮು ಬರೆದುಕೊಟ್ಟರು. ಒಳಗೆ ಬೇರೆ ಕಾಯಿಲೆ ಕೂತಿದೆ ಎಂದು ಯಾರಿಗೆ ಹೊಳೆಯಬೇಕು? ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಅವಳನ್ನು ಗಂಟುಗಳ ಮೇಲೆ ಮಲಗಿಸಿ ನಾನು ಹೆಗಲು ತಿಕ್ಕುತ್ತಿದ್ದೆ. ಸಂಜೆಯ ಹೊತ್ತಿಗೆ ನೋವು ಜಾಸ್ತಿಯಾಗುತ್ತಿತ್ತಂತೆ, ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳಂತೆ. "ಭಾವಂಗೆ ಹೇಳೇ" ಎಂದರೆ "ಬಾಯಿ ಮುಚ್ಕೊಂಡಿರು. ಹೇಳಿದ್ರೆ ಅವ್ರು ಓದೋದ್ ನಿಲ್ಲಿಸ್ಬಿಡ್ತಾರೆ. ದಿನಕ್ಕೆ ಅದೊಂದ್ ಗಳಿಗೆಗೆ ಕಾಯ್ತಾ ಇರ್ತೀನಿ ನಾನು" ಎಂದು ಆಣೆ ಹಾಕಿಸಿಕೊಂಡು ನನ್ನ ಬಾಯಿಗೆ ಬೀಗ ಹಾಕಿದ್ದಳು.

ಈಗ ಆ ಬೀಗ ತೆಗೆಯಬೇಕೇ ಬೇಡವೇ? ತೆಗೆದರೆ, ನೀವು ಗೆದ್ದೆ ಎಂದು ಚುಕ್ಕೆ ಇಟ್ಟಾಗಲೆಲ್ಲ ನಿಮ್ಮ ಹೆಂಡತಿ ನೋವು ನುಂಗುತ್ತಿದ್ದಳು ಎಂದು ಹೇಳಿದ ಹಾಗಾಗುತ್ತದೆ. ತೆಗೆಯದಿದ್ದರೆ ಪುಸ್ತಕ ಬರುವುದಿಲ್ಲ, ಅಕ್ಕನ ಆಸೆ ಮಣ್ಣುಪಾಲು. ನಾನು ಒಂದು ಪ್ಯಾಂಟಿನ ಗೆರೆಯನ್ನೇ ಮತ್ತೆ ಮತ್ತೆ ತೀಡುತ್ತ ನಿಂತೆ. ಸುಳ್ಳು ಹೇಳಿ ಬೆಳೆದವಳಲ್ಲ ನಾನು, ನಿಜವನ್ನು ನಾಜೂಕಾಗಿ ಹೇಳುವುದಂತೂ ನನಗೆ ಗೊತ್ತೇ ಇಲ್ಲ. ಸ್ವಿಚ್ಚು ಆರಿಸಿದೆ.

"ಭಾವ, ಕೂತ್ಕೊಳ್ಳಿ" ಎಂದೆ. ಹೇಳಿದೆ. ಹೆಗಲು, ಮುಲಾಮು, ಮಧ್ಯಾಹ್ನದ ತಿಕ್ಕಾಟ, ಸಂಜೆಯ ನೋವು, ಅವಳು ಹಾಕಿಸಿಕೊಂಡ ಆಣೆ, ಎಲ್ಲ.

ಭಾವ ಒಂದು ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಕುಳಿತರು. ಬೀದಿಯಲ್ಲಿ ಯಾರೋ "ಲಿಫ್ಟಪ್ಪ, ಮೇಲಕ್ಕಾ ಕೆಳಕ್ಕಾ?" ಎಂದು ಕೂಗಿಕೊಂಡು ಹೋದರು. ಮೊದಲ ಸಲ ಅವರು ನಗಲಿಲ್ಲ. ನಾನು ಬಾಗಿಲಿಗೆ ಹೋಗಿ, ಕೂಗಿದವನಿಗೆ ಅವನ ವಂಶವೆಲ್ಲ ನೆನಪಾಗುವಂತೆ ಬೈದು ಬಂದೆ. ಮನಸ್ಸು ಸ್ವಲ್ಪ ಹಗುರಾಯಿತು.

ಒಳಗೆ ಬಂದಾಗ ಭಾವ ಕೇಳಿದರು, "ಹಾಗಾದ್ರೆ ಅವ್ಳು ಕೇಳ್ತಾನೇ ಇರ್ಲಿಲ್ವಾ?"

"ಅಯ್ಯೋ ನಿಮ್ಮ!" ಎಂದೆ. "ಕೇಳ್ದೆ ಏನು? ನೀವು ರಾತ್ರಿ ಮಲಗೋ ಹೊತ್ತಿಗೆ ಮರೆತಿರ್ತಿದ್ರೇನೋ, ಅವ್ಳು ಮರೀತಿರ್ಲಿಲ್ಲ. ಮಾರನೇ ದಿನ ನಾನು ಹೆಗಲು ತಿಕ್ತಾ ಇದ್ರೆ ಶುರು ಹಚ್ಕೋತಿದ್ಲು. 'ಆ ದರ್ಜಿ ಇದಾನಲ್ಲ, ನಿನ್ನೆ ಏನ್ ಮಾಡ್ದ ಗೊತ್ತಾ?' ಅಂತ. ಮೊದ್ಲು ನಾನು ನಮ್ ಬೀದಿ ಕೊನೇಲಿರೋ ದರ್ಜಿ ವಿಷಯಾನೇ ಅನ್ಕೊಂಡಿದ್ದೆ. ಅವ್ನ್ ಹೆಂಡ್ತಿ ಯಾವಾಗ ಓಡಿಹೋದ್ಲೇ ಅಂತ ಕೇಳಿ ಬೈಸ್ಕೊಂಡೆ."

ಭಾವನ ತುಟಿ ಅಲುಗಿತು. ನಗುವೋ ಅಳುವೋ ತಿಳಿಯಲಿಲ್ಲ. "ಏನೇನ್ ಹೇಳ್ತಿದ್ಲು? ಎಲ್ಲಾ ಹೇಳು."

ಹೇಳಿದೆ. ಕಾದಂಬರಿ ಎಂದರೆ ನಿದ್ದೆ ಹೋಗುವ ನನಗೆ ಅಕ್ಕ ಹೇಳಿದ ಕತೆ ಒಂದಕ್ಷರ ಬಿಡದೆ ನೆನಪಿತ್ತು. ದರ್ಜಿ ಹೆಂಡತಿಯ ಅಳತೆಗೆ ರವಿಕೆ ಹೊಲಿದು ಬಾಗಿಲ ಹಿಂದೆ ತೂಗುಹಾಕುವುದು. ಗಿರಾಕಿಗಳು ಅವಳೆಲ್ಲಿ ಎಂದು ಕೇಳಿದಾಗ "ತವರಿಗೆ ಹೋಗಿದಾಳೆ" ಎನ್ನುವುದು. ದಿನಾ ಬೆಳಿಗ್ಗೆ ತನ್ನ ಲೋಟದ ಜೊತೆಗೆ ಅವಳ ಲೋಟವನ್ನೂ ತೊಳೆದಿಡುವುದು. ನಾನು ಹೇಳುತ್ತ ಹೋದ ಹಾಗೆ ಭಾವ ಪುಟ ತಿರುಗಿಸುತ್ತ ಬಂದರು. ಒಂದು ಕಡೆ ತಡೆದರು.

"ಇಲ್ಲಿ ಇಬ್ರು ವಕೀಲರ ವಾದ ಬರತ್ತಲ್ಲ? ಲಿಫ್ಟಲ್ಲಿ ಕೇಳಿಸ್ಕೊಂಡಿದ್ದು?"

"ಯಾವ್ ವಕೀಲರು? ಅಕ್ಕ ಯಾವ ವಕೀಲರನ್ನೂ ಹೇಳ್ಲಿಲ್ಲ."

"ಐದನೇ ಮಹಡಿ ಡಾಕ್ಟ್ರು? ದೊಡ್ಡ ಅಧ್ಯಾಯ ಅದು."

"ಇಲ್ಲ."

"ಆ ಮುದುಕನ ಉಪದೇಶ?"

"ಭಾವ, ಅಕ್ಕನ ಕತೇಲಿ ದರ್ಜಿ ಇದ್ದ, ಅವ್ನ್ ಹೆಂಡ್ತಿ ಇರ್ಲಿಲ್ಲ. ಇನ್ಯಾರೂ ಇರ್ಲಿಲ್ಲ."

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪೆನ್ಸಿಲು ತೆಗೆದುಕೊಂಡು ವಕೀಲರ ಪುಟಗಳ ಮೇಲೆ ಕೊರೆಯುವ ಹಾಗೆ ಗೀಟು ಎಳೆದರು. ಡಾಕ್ಟರು ಹೋದರು, ಮುದುಕ ಹೋದ. ಲಿಫ್ಟಿನಲ್ಲಿ ಅರ್ಧಕ್ಕೆ ನಿಂತ ಮಾತುಗಳನ್ನೆಲ್ಲ ತಂದು ತುರುಕಿದ್ದರಲ್ಲ, ಒಂದೊಂದಾಗಿ ಇಳಿಸಿಬಿಟ್ಟರು. ನಾಲ್ಕಾರು ದಿನ ಇದೇ ನಡೆಯಿತು. ನಾನು ಇಸ್ತ್ರಿ ಮಾಡುತ್ತ ಅಕ್ಕ ಹೇಳಿದ್ದನ್ನು ಹೇಳುವುದು, ಅವರು ಗಂಟಿನ ಮೇಲೆ ಕುಳಿತು ಬರೆದುಕೊಳ್ಳುವುದು. ಎಷ್ಟೋ ದಿನದ ಮೇಲೆ ಅಕ್ಕನ ಹೆಸರು ಆ ಮನೆಯಲ್ಲಿ ಗಟ್ಟಿಯಾಗಿ ಕೇಳಿತು. "ಆಮೇಲೆ ಏನಂದ್ಲು? ಹೇಗಂದ್ಲು? ನಕ್ಕಳಾ?" ಎಂದು ಭಾವ ಬೇಕಿಲ್ಲದ್ದನ್ನೂ ಕೇಳುತ್ತಿದ್ದರು. ನಾನೂ ಬೇಕಿಲ್ಲದ್ದನ್ನೂ ಹೇಳುತ್ತಿದ್ದೆ. ನನಗೆ ಮಾತ್ರ ಅವಳು ಬೇಡವಾಗಿದ್ದಳೇ?

ಅಕ್ಕನ ಕತೆ ಎಲ್ಲಿಗೆ ನಿಂತಿತೋ ಅಲ್ಲಿಗೆ ಬಂದೆವು. ಭಾವನ ಕೈಯಲ್ಲಿ ಉಳಿದದ್ದು ಒಂದೇ ಅಧ್ಯಾಯ, ಒಂದೂ ಚುಕ್ಕೆ ಇಲ್ಲದ್ದು, ಅಕ್ಕ ಹೋದ ಮೇಲೆ ಬರೆದದ್ದು.

"ಇದರ ಬಗ್ಗೆ ಅವ್ಳು ಏನೂ ಹೇಳಿರಲಿಕ್ಕಿಲ್ಲ" ಎಂದರು. "ಇದನ್ನ ಅವ್ಳು ಕೇಳೇ ಇಲ್ಲವಲ್ಲ."

ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನ್ನ ಜಾಯಮಾನವಲ್ಲವೆಂದು ಅವರಿಗೂ ಗೊತ್ತು.

"ಏನೋ ಹೇಳಿದಾಳೆ" ಎಂದರು.

"ದರ್ಜಿ ಹೆಂಡ್ತಿ ವಾಪಸ್ ಬರ್ತಾಳಾ ಇದರಲ್ಲಿ?"

"ಬರ್ತಾಳೆ."

ಆಸ್ಪತ್ರೆಗೆ ಹೋಗುವ ಮುಂಚಿನ ಒಂದು ಮಧ್ಯಾಹ್ನ ಅಕ್ಕ ಹೇಳಿದ್ದಳು. "ನಿಮ್ ಭಾವನ್ನ ನಾನು ಬಲ್ಲೆ. ಕೊನೇಲಿ ಅವ್ಳನ್ನ ಕರ್ಕೊಂಡು ಬಂದೇ ಬರ್ತಾರೆ ನೋಡು. ಬೆಣ್ಣೆ ಮನಸ್ಸು. ಆದ್ರೆ ಅವ್ಳು ಬರಬಾರ್ದು ಕಣೇ. ಬಂದುಬಿಟ್ರೆ ಆ ದರ್ಜಿ ಲೋಟ ತೊಳ್ದಿದ್ದು ಬರೀ ಲೋಟ ತೊಳ್ದಿದ್ದು ಅಷ್ಟೇ ಆಗ್ಬಿಡತ್ತೆ. ಬರಲ್ಲ ಅಂತ ಗೊತ್ತಿದ್ದೂ ತೊಳೀತಾನಲ್ಲ, ಅದಕ್ಕೇ ನಂಗೆ ಅವ್ನ್ ಮೇಲೆ ಅಷ್ಟು ಪ್ರೀತಿ." ಅವಳಿಗೆ ಆಗಲೇ ತನ್ನ ವಿಷಯ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅದನ್ನು ಹಾಗೇ ಭಾವನಿಗೆ ಹೇಳಿದೆ, ಒಂದು ಮಾತು ಸೇರಿಸದೆ, ಒಂದು ಮಾತು ಬಿಡದೆ.

ಅವರು ಕೇಳಿಸಿಕೊಂಡರು. ಪೆನ್ಸಿಲನ್ನು ಕೈಗೆ ತೆಗೆದುಕೊಂಡರು, ಮತ್ತೆ ಕೆಳಗಿಟ್ಟರು. "ಒಂದ್ಸಲ ಓದ್ತೀನಿ, ಕೇಳ್ತೀಯಾ? ಇದನ್ನ ಯಾರಿಗೂ ಓದಿಲ್ಲ" ಎಂದರು.

ನಾನು ಪೆಟ್ಟಿಗೆಯ ಪ್ಲಗ್ಗು ಕಿತ್ತು, ಅವರ ಎದುರಿನ ಗಂಟಿನ ಮೇಲೆ ಕುಳಿತೆ. ಭಾವ ಕನ್ನಡಕ ಹಾಕಿಕೊಂಡು ಓದಿದರು. ದರ್ಜಿ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಾನೆ. ಮೆಟ್ಟಿಲ ಮೇಲೆ ಅವಳು ಕೂತಿದ್ದಾಳೆ, ಚೀಲ ಮಡಿಲಲ್ಲಿದೆ. ನಿನ್ನೆ ತಾನೇ ಹೋಗಿ ಬಂದವಳ ಹಾಗೆ ಎದ್ದು ಒಳಗೆ ಬರುತ್ತಾಳೆ. ಮೊಣಕೈಯಿಂದ ಹಣೆ ಒರೆಸಿಕೊಳ್ಳುತ್ತಾಳೆ. "ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ? ಮುಖ ನೋಡಿದ್ರೇ ಗೊತ್ತಾಗತ್ತೆ" ಎನ್ನುತ್ತಾಳೆ. ಮೇಜಿನ ಮೇಲೆ ಹರಡಿದ ಬಟ್ಟೆ ನೋಡಿ "ನಾನಿಲ್ಲ ಅಂದ್ರೆ ಈ ಮನೆ ಮನೆ ಥರಾನೇ ಇರಲ್ಲ" ಎಂದು ಗೊಣಗುತ್ತಾಳೆ. ದರ್ಜಿ ಏನೋ ಹೇಳಲು ಹೋದರೆ "ನಂಗೇನ್ ಗೊತ್ತಾಗತ್ತೆ" ಎಂದು ನಗುತ್ತಾಳೆ.

ಅದು ದರ್ಜಿಯ ಹೆಂಡತಿ ಅಲ್ಲವೇ ಅಲ್ಲ. ನಮ್ಮ ಅಕ್ಕ. ಆ ಕೋಣೆಯೊಳಗೆ, ಆ ಮೇಜಿನ ಪಕ್ಕದಲ್ಲಿ, ನಡೆದಾಡುತ್ತಿದ್ದಳು ನಮ್ಮಕ್ಕ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಭಾವ ಓದುವುದನ್ನು ನಿಲ್ಲಿಸಲಿಲ್ಲ. ಅವರ ದನಿಯೂ ಒಡೆಯುತ್ತಿತ್ತು, ಆದರೂ ಕೊನೆಯ ಸಾಲಿನವರೆಗೆ ಓದಿದರು.

"ಚೆನ್ನಾಗಿದೆಯಾ?" ಎಂದರು.

"ತುಂಬಾ ಚೆನ್ನಾಗಿದೆ ಭಾವ."

"ತೆಗೀಬೇಕಾ?"

ಬೇಡ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳನ್ನು ಇನ್ನೊಮ್ಮೆ ಕಳಿಸಿಕೊಡಲು ನನ್ನಿಂದಾಗದು ಎನ್ನುವ ಮಾತೂ ಬಂದಿತ್ತು.

"ತೆಗೀಬೇಕು" ಎಂದೆ. "ನಾಳೆ ತೆಗೀರಿ. ಇವತ್ತು ಇನ್ನೊಂದ್ಸಲ ಓದಿ."

ಭಾವ ಪುಟಗಳನ್ನು ಅಧ್ಯಾಯದ ಮೊದಲಿಗೆ ತಿರುಗಿಸಿದರು.